ಗಾಳಿಯನ್ನು ಕಡೆಗಣಿಸಿದಾಗ...

ಮೊನ್ನೆ ಅಕ್ಕನ ಮಗಳು ವಿಜ್ಞಾನದ ಉತ್ತರ ಪತ್ರಿಕೆ ತಂದು ನನ್ನ ಮುಂದೆ ಹಿಡಿದಳು. ಮುಖ ಸಪ್ಪಗಿತ್ತು. "ಕಲ್ಲು ಮತ್ತು ಕಾಗದದ ಹಾಳೆಯನ್ನು ಮಹಡಿಯಿಂದ ಒಟ್ಟಿಗೆ ಬಿಟ್ಟರೆ ಯಾವುದು ಮೊದಲು ನೆಲ ಮುಟ್ಟುತ್ತದೆ?" ಅನ್ನೋದು ಪ್ರಶ್ನೆ. "ಕಲ್ಲು. ಕಾಗದವನ್ನು ಗಾಳಿ ತಡೆಯುತ್ತದೆ" ಅಂತ ಬರೆದಿದ್ದಾಳೆ. ಅದಕ್ಕೆ ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ! 'ಎರಡೂ ಒಟ್ಟಿಗೆ' ಅನ್ನಬೇಕಿತ್ತಂತೆ.

"ಮಾಮಾ, ನಾನು ಬಿಟ್ಟು ನೋಡೇ ಬರೆದಿದ್ದು. ಇನ್ಮೇಲೆ ನೋಡಲ್ಲ, ಪುಸ್ತಕದಲ್ಲಿರೋದನ್ನೇ ಬರೀತೀನಿ" ಅಂದಳು. ನನಗೆ ಬೇಜಾರಾಗಿದ್ದು ಸೊನ್ನೆಗಲ್ಲ, ಈ ಮಾತಿಗೆ.

ಪುಸ್ತಕವೇನೂ ಸುಳ್ಳು ಹೇಳುತ್ತಿಲ್ಲ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಸುತ್ತಿಗೆ, ಒಂದು ಹಕ್ಕಿಯ ಗರಿ ಕೈಬಿಟ್ಟಾಗ ಎರಡೂ ಒಟ್ಟಿಗೇ ನೆಲ ಸೇರಿದವು. ಅಲ್ಲಿ ಗಾಳಿಯಿಲ್ಲ. ಆದರೆ ನಮ್ಮ ಮಹಡಿ ಇರೋದು ಚಂದ್ರನ ಮೇಲಲ್ಲವಲ್ಲ! ಪಾಠದಲ್ಲಿ 'ಗಾಳಿಯ ರೋಧವನ್ನು ಕಡೆಗಣಿಸಿದಾಗ' ಅಂತ ಒಂದು ಸಾಲಿತ್ತು. ಪ್ರಶ್ನೆಯಲ್ಲಿ ಅದೇ ಮಾಯ.

ಹೀಗೆ ಕಡೆಗಣಿಸಿದ ಗಾಳಿಯೇ ನಮ್ಮ ತಲೆ ಕಾಯ್ತಿರೋದು, ಗೊತ್ತಾ? ಎರಡು ಕಿ.ಮೀ. ಎತ್ತರದಿಂದ ಬೀಳುವ ಮಳೆಹನಿಗೆ ಯಾವ ಅಡ್ಡಿಯೂ ಇಲ್ಲದಿದ್ದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 700 ಕಿ.ಮೀ.! ಅಂಥ ಮಳೆಯಲ್ಲಿ ನೆನೆಯೋ ಆಸೆ ಯಾರಿಗಿದ್ದೀತು?

ನಿಜಕ್ಕೂ ಆಗೋದು ಬೇರೆ. ಹನಿಯ ವೇಗ ಏರಿದಷ್ಟೂ ಗಾಳಿ ಅದನ್ನು ಇನ್ನಷ್ಟು ಜೋರಾಗಿ ತಡೆಯುತ್ತೆ. ಒಂದು ಹಂತದಲ್ಲಿ ಭೂಮಿ ಎಳೆಯುವ ಬಲ, ಗಾಳಿ ತಡೆಯುವ ಬಲ ಎರಡೂ ಸರಿಸಮ. ಹಾಗಂತ ಹನಿ ನಿಂತುಬಿಡೋದಿಲ್ಲ, ಅಲ್ಲಿಂದ ಮುಂದೆ ಅದೇ ವೇಗದಲ್ಲಿ ಇಳಿಯುತ್ತೆ. ಇದೇ ಅಂತಿಮ ವೇಗ. ದಪ್ಪ ಹನಿಗೆ ಗಂಟೆಗೆ ಸುಮಾರು 30 ಕಿ.ಮೀ., ತುಂತುರಿಗೆ ಇನ್ನೂ ಕಮ್ಮಿ. ಹಗುರವಾದ, ಅಗಲವಾದ ಕಾಗದ ಈ ಹಂತವನ್ನು ಬಿಟ್ಟ ಸ್ವಲ್ಪ ಹೊತ್ತಿಗೇ ಮುಟ್ಟಿಬಿಡುತ್ತೆ. ಕಲ್ಲಿಗೆ ಮಹಡಿಯ ಎತ್ತರ ಸಾಲದು.

ಗಾಳಿಯನ್ನು ಲೆಕ್ಕದಿಂದ ಬಿಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಗುರುತ್ವ ಅರ್ಥವಾಗಬೇಕಾದರೆ ಮೊದಲು ಹಾಗೆ ಬಿಡಲೇಬೇಕು. ಆದರೆ ಬಿಟ್ಟಿದ್ದೀವಿ ಅನ್ನೋದನ್ನ ಮಕ್ಕಳಿಗೆ ಹೇಳಬೇಕು. ಕಣ್ಣಾರೆ ಕಂಡದ್ದಕ್ಕೆ ಸೊನ್ನೆ ಕೊಟ್ಟು ಅದನ್ನೇ ವಿಜ್ಞಾನ ಅಂದರೆ ಹೇಗೆ?

ಸಂಜೆ ಇಬ್ಬರೂ ಮತ್ತೆ ಮಹಡಿ ಹತ್ತಿದೆವು. ಅದೇ ಹಾಳೆಯನ್ನು ಉಂಡೆ ಮಾಡಿ ಕಲ್ಲಿನ ಜೊತೆ ಬಿಟ್ಟೆ. ಕಲ್ಲಿನ ಬೆನ್ನಿಗೇ ಬಿತ್ತು. "ತೂಕ ಅಷ್ಟೇ ಇದೆಯಲ್ಲ ಮಾಮಾ, ಮತ್ತೆ ಹೇಗೆ?" ಅಂದಳು. ಅಬ್ಬ, ಪ್ರಶ್ನೆ ಕೇಳೋದು ಬಿಟ್ಟಿಲ್ಲ!

ನಿಮಗೂ ಇಂಥ ಸೊನ್ನೆ ಸಿಕ್ಕಿತ್ತಾ?