ಹೂಳೆತ್ತಿದರೆ ಸಾಲದು, ಕೆರೆಯಂಗಳ ಬಿಡಬೇಕು

ಬೇಸಿಗೆ ಬಂತೆಂದರೆ ನಮ್ಮ ದುಂಡಸಿ ಸೀಮೆಯಲ್ಲಿ ಕೆರೆ ಹೂಳೆತ್ತುವ ಮಾತು ಏಳುತ್ತದೆ. ಒಳ್ಳೆಯದೇ. ನಾನೂ ಎರಡು ಬೇಸಿಗೆ ಊರವರ ಜತೆ ಶ್ರಮದಾನಕ್ಕೆ ಹೋಗಿದ್ದೇನೆ. ಆದರೆ ಅಲ್ಲಿ ನಾವು ಮಾಡಿದ್ದರಲ್ಲಿ ಅರ್ಧ ತಪ್ಪಿತ್ತು ಅಂತ ಈಗ ಅನಿಸುತ್ತದೆ.

ಮೊದಲ ವರ್ಷ ಸಲಿಕೆ, ಬುಟ್ಟಿಯಲ್ಲೇ ಕೆಲಸ. ಎರಡನೇ ವರ್ಷ ವಂತಿಗೆ ಹಾಕಿ ಜೆಸಿಬಿ ತಂದೆವು. 'ಆಳ ಆದಷ್ಟೂ ನೀರು ಜಾಸ್ತಿ ನಿಲ್ತೈತಿ, ಹೊಡೀರಿ' ಅಂದವನು ನಾನೇ. ಜೇಡಿ ಮುಗಿದು ಗರಸು ಕಾಣುವವರೆಗೆ ತೋಡಿಸಿದೆವು. ದಡದ ಜೇಕು, ಆಪು ಕಿತ್ತು ಗೋಡೆಯಂತೆ ನೆಟ್ಟಗೆ ಕಡಿದೆವು. ನೋಡಲು ಚೆಂದವಿತ್ತು.

ಮಳೆಗೆ ಕೆರೆ ತುಂಬಿತು. ಆದರೆ ಜೇಡಿ ಒಡೆದ ಕಡೆ ನೀರು ಇಂಗಿ ಬೇಗ ಇಳಿಯಿತು. ನೆಟ್ಟಗಿನ ದಡದಲ್ಲಿ ದನ ಇಳಿಯಲಾರದಾಯಿತು. ನಮ್ಮ ಎಮ್ಮೆಯೇ ಜಾರಿ ಬಿದ್ದು, ನಾಲ್ಕು ಜನ ಹಗ್ಗ ಹಾಕಿ ಎಳೆದೆವು. ಬೆಳ್ಳಕ್ಕಿ, ನೀರುಕೋಳಿ ಕಾಣೆಯಾದವು. ಕೊಕ್ಕರೆ ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನು ಹಿಡಿಯುವ ಹಕ್ಕಿ, ಆಳದಲ್ಲಿ ಅದಕ್ಕೇನು ಕೆಲಸ? ಮೀನಿನ ಮರಿಗೂ ದಡದ ಹುಲ್ಲೇ ಆಸರೆ. ಹೊಲದಿಂದ ಹರಿದು ಬರುವ ಮಣ್ಣನ್ನು ತಡೆಯುವುದೂ ಅದೇ ಜೇಕು.

'ರೈತನಿಗೆ ಹಕ್ಕಿ ಯಾಕ್ರಿ?' ಅಂತ ಕೇಳುವವರಿದ್ದಾರೆ. ಪಕ್ಕದ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ನೋಡಿ. ಅದೂ ಜನ ಕಟ್ಟಿದ ಕೆರೆಯೇ, ಸುಮಾರು 134 ಎಕರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಅಲ್ಲಿಗೆ ಬರುತ್ತವೆ. ಸುತ್ತಲ ಹೊಲಗಳಲ್ಲಿ ಮೇಯುತ್ತವೆ, ಕೆರೆಯಲ್ಲಿ ವಿಶ್ರಮಿಸುತ್ತವೆ. 2024ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವೆಂಬ ಮನ್ನಣೆ ಸಿಕ್ಕಿತು. ಆ ಹೆಸರು ಬರುವುದಕ್ಕೆ ಮೊದಲೂ ಹಕ್ಕಿ ಬರುತ್ತಿದ್ದವು, ಅವನ್ನು ಸಹಿಸಿಕೊಂಡವರು ನಮ್ಮಂಥ ಒಕ್ಕಲಿಗರೇ. ಹಕ್ಕಿ ಇಳಿಯುವ ಕೆರೆ ಎಂದರೆ ನೀರು, ಹುಲ್ಲು, ಮೀನು ಮೂರೂ ಇರುವ ಕೆರೆ. ನಮಗೆ ಬೇಕಾದದ್ದೂ ಅದೇ.

ಇನ್ನೊಂದು ಮಾತು, ಹೇಳಲು ನನಗೇ ಕಷ್ಟದ್ದು. ನನ್ನ ಹೊಲ ಕೆರೆಯಂಗಳಕ್ಕೆ ಹೊಂದಿದೆ. ಬರದ ವರ್ಷ ನೀರು ಹಿಂದೆ ಸರಿದಾಗ ಬದು ದಾಟಿ ಆರೇಳು ಗುಂಟೆ ಉತ್ತು ಗೋವಿನಜೋಳ ಹಾಕಿದ್ದೆ. ಮಳೆ ಚೆನ್ನಾದ ಮೇಲೂ ಬಿಡಲಿಲ್ಲ. ಬೇಸಿಗೆಯಲ್ಲಿ ಬುಟ್ಟಿ ಹೊತ್ತು ತೆಗೆದ ಮಣ್ಣು, ಮುಂಗಾರಿನಲ್ಲಿ ಅದೇ ತುಂಡಿನಿಂದ ಮತ್ತೆ ಕೆರೆಗೆ ಇಳಿಯುತ್ತಿತ್ತು. ಇದು ಎಂಥ ಶ್ರಮದಾನ?

ಕಳೆದ ಮುಂಗಾರಿನಲ್ಲಿ ಆ ತುಂಡು ಬಿಟ್ಟೆ. 'ಉಳಿದವರೆಲ್ಲಾ ಬಿತ್ತಿ ತಿನ್ನಾಕತ್ತಾರ. ನೀವೊಬ್ರ ಬಿಟ್ರ ಕೆರಿ ತುಂಬತೈತೇನು?' ಎಂದಳು ಮನೆಯವಳು. ಅವಳ ಮಾತು ಸುಳ್ಳಲ್ಲ. ಆರೇಳು ಗುಂಟೆಯ ಕಾಳು ನಮ್ಮಂಥವರಿಗೆ ಸಣ್ಣದಲ್ಲ. ಆದರೆ ಬಿಡ್ರಪ್ಪಾ ಅಂತ ಇನ್ನೊಬ್ಬರಿಗೆ ಹೇಳುವ ಬಾಯಿಯಾದರೂ ಈಗ ನನಗೆ ಬಂದಿದೆ. ಈ ವರ್ಷ ಆ ಜಾಗದಲ್ಲಿ ಜೇಕು ಚಿಗುರಿದೆ.

ಈ ಬೇಸಿಗೆ ಕೆರೆಗೆ ಇಳಿಯುವವರಿಗೆ ನನ್ನ ವಿನಂತಿ ಇಷ್ಟೇ. ಹೂಳು ತೆಗೆಯಿರಿ, ತಳದ ಜೇಡಿ ಮುಟ್ಟಬೇಡಿ. ಏರಿಯ ಬುಡ ತೋಡಬೇಡಿ. ಅಂಗಳದ ಕಡೆ ದನ ಇಳಿಯುವಷ್ಟು ಇಳಿಜಾರು ಇರಲಿ. ಹಳ್ಳ ಬಂದು ಸೇರುವ ಬಾಯಲ್ಲಿ ಜೇಕು, ಆಪು ಉಳಿಸಿ. ತೆಗೆದ ಮಣ್ಣನ್ನು ದಡದಲ್ಲಿ ಗುಡ್ಡೆ ಹಾಕದೆ ಹೊಲಕ್ಕೆ ಸಾಗಿಸಿ. ಬುಟ್ಟಿ ಹೊರುವ ಮೊದಲು ನಮ್ಮ ನಮ್ಮ ಬದು ಎಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳೋಣ.