ಗದ್ದೆಗೆ ಅಡಿಕೆ ಇಟ್ಟವರಿಗೆ: ಬೇರಿಗೂ ಉಸಿರು ಬೇಕು

ಈ ವಾರ ಮೂರು ತೋಟ ನೋಡಿಕೊಂಡು ಬಂದೆ. ಮೂರೂ ಭದ್ರಾ ನಾಲೆ ಕೆಳಗಿನ ಹಳೇ ಭತ್ತದ ಗದ್ದೆ, ಈಗ ಅಡಿಕೆ. ಮೂರರಲ್ಲೂ ಸೋಗೆ ಹಳದಿ. ಮೂವರೂ ಕೇಳಿದ್ದು ಒಂದೇ ಮಾತು, "ಯಾವ ಔಷಧಿ ಕೊಡಬೇಕು ಅಣ್ಣ?" ಒಬ್ಬರಾದರೂ ಗುದ್ದಲಿ ತಗೊಂಡು ಬುಡ ಬಿಡಿಸಿ ನೋಡಿರಲಿಲ್ಲ.

ಸ್ಕೂಲಲ್ಲಿ ನಮ್ಮ ತಲೆಗೆ ಹೋಗಿದ್ದು ಅರ್ಧ ಪಾಠ. ಗಿಡ ಆಮ್ಲಜನಕ ಬಿಡುತ್ತೆ, ಮನುಷ್ಯ ಅದನ್ನ ಎಳ್ಕೊಂಡು ಇಂಗಾಲದ ಡೈ ಆಕ್ಸೈಡ್ ಬಿಡ್ತಾನೆ ಅಂತ ಬಾಯಿಪಾಠ ಮಾಡಿದ್ವಿ, ಪಾಸೂ ಆದ್ವಿ. ಗಿಡಾನೂ ನಮ್ಮ ಹಾಗೇ ಹಗಲೂ ರಾತ್ರಿ ಉಸಿರಾಡುತ್ತೆ ಅನ್ನೋದು ಉಳೀಲಿಲ್ಲ. ಆಮ್ಲಜನಕ ಮಾಡೋದು ಹಸಿರೆಲೆ, ಅದೂ ಬೆಳಕಿದ್ದಾಗ. ಬೇರಿಗೆ ಬೆಳಕೂ ಇಲ್ಲ, ಹಸಿರೂ ಇಲ್ಲ. ಅದಕ್ಕೆ ಗಾಳಿ ಮಣ್ಣಿನ ಸಂದಿಯಿಂದ ಸಿಗಬೇಕು, ಅದು ಬಿಟ್ಟ ಇಂಗಾಲದ ಡೈ ಆಕ್ಸೈಡ್ ಅದೇ ಸಂದಿಯಿಂದ ಹೊರಗೆ ಹೋಗಬೇಕು. ನಾವು ಆ ಸಂದಿಗೆಲ್ಲ ನೀರು ತುಂಬ್ತೀವಿ. ಗಾಳಿಯಲ್ಲಿ ಹರಡೋದಕ್ಕಿಂತ ನೀರಲ್ಲಿ ಆಮ್ಲಜನಕ ಹರಡೋದು ಸುಮಾರು 10,000 ಪಟ್ಟು ನಿಧಾನ. ಮುಖದ ತುಂಬ ಕಂಬಳಿ ಹೊದ್ದು ಎಷ್ಟು ಹೊತ್ತು ತಡೀತೀರಿ ಹೇಳಿ? ಬೇರಿಗೆ ವಾರಗಟ್ಟಲೆ ಹಾಗೆ ಮಾಡ್ತೀವಿ.

"ಇದೇ ನೀರಲ್ಲಿ ಭತ್ತ ಬೆಳೀತಿರಲಿಲ್ವಾ?" ಅಂತ ಒಬ್ಬರು ಜೋರು ಮಾಡಿದರು. ಭತ್ತದ ಕಥೆ ಬೇರೆ ಸ್ವಾಮಿ. ಎಲೆಯಿಂದ ಬೇರಿನ ತನಕ ಅದರೊಳಗೆ ಗಾಳಿ ಓಡಾಡೋ ಪೊಳ್ಳು ಇದೆ. ನೀರಲ್ಲಿ ನಿಂತೇ ಮೇಲಿಂದ ಗಾಳಿ ಇಳಿಸಿಕೊಳ್ಳುತ್ತೆ. ಅಡಿಕೆ ಅಷ್ಟು ನೀರು ತಡೆಯೋ ಜಾತಿ ಅಲ್ಲ. ಅದರ ಮೇಲೆ, ನೀರು ಇಂಗಬಾರದು ಅಂತ ವರ್ಷಗಟ್ಟಲೆ ಕೆಸರು ಹೊಡೆದು ಗದ್ದೆ ತಳ ಗಟ್ಟಿ ಮಾಡಿದವರೂ ನಾವೇ. ಆ ತಳ ಒಡೆಯದೆ ಸಸಿ ಇಟ್ರೆ ಬಾನಿಯಲ್ಲಿ ಇಟ್ಟಂಗೆ.

ಉಸಿರಿಲ್ಲದ ಬೇರಿಗೆ ಶಕ್ತಿ ಇಲ್ಲ. ಗೊಬ್ಬರ ಎಳೆಯಲ್ಲ, ನೀರನ್ನೂ ಸರಿಯಾಗಿ ಎಳೆಯಲ್ಲ. ನೀರಲ್ಲಿ ನಿಂತ ಗಿಡ ಬಾಡಿದಂಗೆ ಕಾಣೋದು ಅದಕ್ಕೇ. ಅದನ್ನ ನೋಡಿ ಇನ್ನೊಂದು ಸಲ ನೀರು ಬಿಡ್ತೀವಿ! ಹಾಕಿದ ಯೂರಿಯಾದಲ್ಲೂ ಒಂದು ಪಾಲು ಅಂಥ ಮಣ್ಣಲ್ಲಿ ಗಾಳಿಯಾಗಿ ಹಾರಿಹೋಗುತ್ತೆ. ಅಂಗಡಿಯವನು ಇದನ್ನ ಯಾಕೆ ಹೇಳ್ತಾನೆ, ಅವನ ಬಾಟಲಿ ಖರ್ಚಾಗಬೇಕಲ್ಲ. ನಾನೂ ಎರಡು ವರ್ಷ ತಂದು ಸುರಿದವನೇ.

ಹಳದಿ ಎಲ್ಲಾ ಇದರಿಂದಲೇ ಅನ್ನಲ್ಲ, ರೋಗಗಳೂ ಇವೆ. ಆದ್ರೆ ಮೊದಲು ಬುಡದಿಂದ ಎರಡಡಿ ದೂರದಲ್ಲಿ ಒಂದೂವರೆ ಅಡಿ ಅಗೆದು ನೋಡಿ. ಬೇರಿನ ತುದಿ ಬೆಳ್ಳಗಿದ್ರೆ ಜೀವ ಇದೆ. ಕಪ್ಪಾಗಿ ಸಿಪ್ಪೆ ಕೈಗೆ ಕಳಚಿ ಬಂದ್ರೆ, ಮಣ್ಣು ಕೊಳೆತ ಮೊಟ್ಟೆ ವಾಸನೆ ಹೊಡೆದ್ರೆ, ನೀರು ನಿಲ್ಲಿಸಿ ಬಸಿಗಾಲುವೆ ತೆಗೀರಿ. ನಾನು ಎರಡು ಸಾಲಿಗೊಂದರಂತೆ, ಸಸಿ ಗುಂಡಿಗಿಂತ ಒಂದು ಗೇಣು ಆಳ ತೆಗೆದಿದ್ದೀನಿ.

ತೆಗೆಯೋದು ಕಷ್ಟ ಅಲ್ಲ, ಆ ನೀರು ಎಲ್ಲಿಗೆ ಬಿಡೋದು ಅನ್ನೋದೇ ಕಷ್ಟ. ಮೇಲಿನವರ ಬಸಿ ಕೆಳಗಿನವರ ತೋಟಕ್ಕೆ ನುಗ್ಗುತ್ತೆ, ಬದು ಒಡೆದ್ರು ಅಂತ ಜಗಳ. ಹಳೇ ಬಸಿಗಾಲುವೆ ಒತ್ತಿ ಅಡಿಕೆ ಇಟ್ಟವರು ನಮ್ಮಲ್ಲೇ ಇದ್ದಾರೆ, ಹೆಸರು ಬೇಡ. ನನ್ನ ಬದುವಿನ ಪಕ್ಕ ಮೂರಡಿ ಜಾಗ ಬಿಡೋಕೆ ನಾನು ರೆಡಿ. ಮಳೆ ಹಿಡಿಯೋ ಮುಂಚೆ ಹಳ್ಳದ ತನಕ ಒಂದೇ ಕಾಲುವೆ ಮಾಡೋಣ. ಕೆಳಗಿನವರು ಯಾರ್ಯಾರು ಬರ್ತೀರಿ ಹೇಳಿ.