ಹಾಜರಿ ಪುಸ್ತಕದ ಖಾಲಿ ಮನೆಗಳು

ಗಜೇಂದ್ರಗಡದ ನೇಕಾರನು ಸೀರೆ ನೆಯ್ದು ಮುಗಿಸಿದ ಮೇಲೆ ಎಳೆ ಹುಡುಕಲು ಕೂಡುವವನಲ್ಲ. ಪಟ್ಟೆದಂಚಿನಲ್ಲಿ ಒಂದೆಳೆ ಹರಿದರೂ ಮಗ್ಗವನ್ನು ಅಲ್ಲಿಯೇ ನಿಲ್ಲಿಸಿ, ಗಂಟುಹಾಕಿ ಮುಂದುವರಿಯುತ್ತಾನೆ. ಆದರೆ ಅವನ ಮಗನು ಕಸುಬು ಕಲಿಯಲು ಹೋಗುವ ಐ.ಟಿ.ಐ.ಗಳಲ್ಲಿ ಲೆಕ್ಕವೆಂಬುದು ಎಷ್ಟೋ ಕಡೆ ವರ್ಷಾಂತ್ಯದ ಮಾತು.

1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭವಾದಂದಿನಿಂದ ಈ ಶಾಲೆಗಳಲ್ಲಿ ದಾಖಲೆಗಳಿಗೆ ಬರವಿಲ್ಲ. ಹಾಜರಿ ಪುಸ್ತಕವುಂಟು, ದಾಸ್ತಾನು ಪುಸ್ತಕವುಂಟು. ಈಗ ಗಣಕಯಂತ್ರವೂ ಉಂಟು. ಬರೆಯುವವರು ಇದ್ದಾರೆ. ಓದುವವರು ಯಾರು?

ರೋಣದಲ್ಲಿಯೋ ನರಗುಂದದಲ್ಲಿಯೋ ಫಿಟ್ಟರ್ ತರಗತಿಗೆ 20 ಹುಡುಗರು ಸೇರಿದರೆಂದು ಊಹಿಸೋಣ. ಎರಡು ವರ್ಷಗಳ ತರುವಾಯ ಪರೀಕ್ಷೆಗೆ ಕುಳಿತವರು 12, ತೇರ್ಗಡೆಯಾದವರು 11. ನೂರಕ್ಕೆ 91ಕ್ಕೂ ಮಿಗಿಲಾದ ಫಲಿತಾಂಶವೆಂದು ಫಲಕದ ಮೇಲೆ ಬರೆಯಬಹುದು, ಅದು ಸುಳ್ಳಲ್ಲ. ಸೇರಿದ 20 ಮಂದಿಯನ್ನೂ ಲೆಕ್ಕಕ್ಕೆ ಹಿಡಿದರೆ ಅದೇ ಫಲಿತಾಂಶ 55! ನಡುವೆ ಮಾಯವಾದ ಆ ಎಂಟು ಹುಡುಗರು ಯಾವ ಫಲಕದ ಮೇಲೂ ಇಲ್ಲ.

ಅವರ ಕಥೆ ಹಾಜರಿ ಪುಸ್ತಕದ ಖಾಲಿ ಮನೆಗಳಲ್ಲಿರುತ್ತದೆ. ಅದನ್ನು ತಿಂಗಳು ತಿಂಗಳಾಗಿ ಓದಬೇಕು. ಇದು ಎರೆಭೂಮಿಯ ಸೀಮೆ. ಹಿಂಗಾರಿ ಜೋಳ, ಕಡಲೆಗಳ ಸುಗ್ಗಿ ಬಂತೆಂದರೆ ಮನೆಗೆ ಆಳು ಬೇಕು. ಆ ದಿನಗಳಲ್ಲಿಯೇ ಗೈರುಹಾಜರಿ ಏರಿದರೆ ಕಾರಣವು ಹೊಲದಲ್ಲಿದೆ. ಒಂದೇ ಹಳ್ಳಿಯ ಮೂವರು ದಿನವೂ ಮೊದಲ ತಾಸಿಗೆ ತಪ್ಪುತ್ತಿದ್ದರೆ ಬಸ್ಸಿನ ವೇಳೆಯನ್ನು ವಿಚಾರಿಸಬೇಕು. ವೆಲ್ಡಿಂಗ್ ಯಂತ್ರ ಕೆಟ್ಟು ನಿಂತ ವಾರದಲ್ಲಿ ಹುಡುಗರು ಕರಗಿದರೆ ಹುಡುಗರನ್ನು ಗದರಿಸಿ ಫಲವೇನು? ಯಂತ್ರ ಎಷ್ಟು ದಿನ ನಿಂತಿತ್ತೆಂಬುದನ್ನೂ ಬರೆದಿಡುವುದು ಒಳಿತು. ಪಾಪ, ಆ ಕಾಲಮು ಮಾತ್ರ ಸಾಮಾನ್ಯವಾಗಿ ಯಾರಿಗೂ ನೆನಪಾಗದು.

ಪರೀಕ್ಷೆಗೆ ಕೂಡಲು ನೂರಕ್ಕೆ 80 ಹಾಜರಿ ಬೇಕು. ಆದುದರಿಂದ ಮೂರು ದಿನ ಬಾರದವನ ಮನೆಗೆ ನಾಲ್ಕನೆಯ ದಿನವೇ ಸುದ್ದಿ ಹೋಗಬೇಕು. ಅಂಥ ಒಂದು ಮಾತುಕತೆಯನ್ನು ವಾಚಕರು ಸುಲಭವಾಗಿ ಊಹಿಸಬಹುದು.

"ಜ್ವಾಳಾ ಕೀಳಾಕ ಹೋಗ್ಯಾನ್ರೀ ಸರ. ಎಂಟ ದಿನಾ ಬಿಟ್ಟ ಕಳಸ್ತೀನಿ," ಎನ್ನುತ್ತಾಳೆ ತಾಯಿ.

"ಎಂಟ ದಿನಾ ಅಂದ್ರ ಹೆಂಗ್ರೀ ಅವ್ವಾರ? ಹಾಜರಿ ಕಮ್ಮಿ ಬೀಳ್ತೈತಿ. ನಾಕ ದಿನದಾಗ ಕಳಸ್ರಿ," ಎನ್ನುತ್ತಾರೆ ಮೇಷ್ಟರು.

ನಾಲ್ಕು ದಿನಗಳ ಈ ಚೌಕಾಸಿಯಲ್ಲಿ ಒಬ್ಬ ಹುಡುಗನ ಕಸುಬು ಉಳಿಯಬಹುದು.

2017-18ರ ಸುಮಾರಿಗೆ ಕೇಂದ್ರ ಸರ್ಕಾರವು ಐ.ಟಿ.ಐ.ಗಳನ್ನು ಅಳೆದು ನಕ್ಷತ್ರಗಳ ಶ್ರೇಣಿ ಕೊಡುವ ಕ್ರಮವನ್ನು ತಂದಿತು. ಅಳತೆ ಬೇಕು, ಸಂದೇಹವಿಲ್ಲ. ಆದರೆ ನಕ್ಷತ್ರದ ಆಸೆ ಬಲಿತಲ್ಲಿ, ಹಿಂದುಳಿದ ಹುಡುಗನನ್ನು ಸೇರಿಸಿಕೊಳ್ಳದಿರುವುದೇ ಫಲಿತಾಂಶ ಏರಿಸುವ ಸುಲಭೋಪಾಯವೆಂದು ತೋರೀತು. ಆಗ ಅಂಕಿ ಏರುತ್ತದೆ, ಶಾಲೆ ಇಳಿಯುತ್ತದೆ.

ಇನ್ನೊಂದು ಪುಟ ಉಳಿಯಿತು. ತೇರ್ಗಡೆಯಾದ ಆ ಹನ್ನೊಂದು ಮಂದಿ ವರ್ಷದ ಮೇಲೆ ಎಲ್ಲಿದ್ದಾರೆ? ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಅವುಗಳ ದುರಸ್ತಿಗೆ ಏಣಿ ಏರುವವರಲ್ಲಿ ಈ ಸೀಮೆಯ ಹುಡುಗರೆಷ್ಟು ಎಂಬುದನ್ನು ಶಾಲೆಯ ಪುಸ್ತಕವೇ ಹೇಳುವಂತಾದರೆ, ಮುಂದಿನ ಆಗಸ್ಟಿನಲ್ಲಿ ಪ್ರವೇಶಕ್ಕೆ ಬಂದು ನಿಲ್ಲುವ ತಂದೆಗೆ ತೋರಿಸಲು ಮೇಷ್ಟರ ಕೈಯಲ್ಲಿ ಏನಾದರೂ ಇರುತ್ತದೆ.